ಸವಳು ಮಣ್ಣಿನ ಮಾಳಿಗೆ

ನಮ್ಮ ಕೋಳಿಗೂಡಿನ ಬಾಗಿಲ ಮುಂದೆ ಒಬ್ಬಾಕೆ ಮೊಣಕಾಲೂರಿ ಕುಳಿತು ಫೋಟೋ ತೆಗೆದಳು. ಒಂದೆರಡಲ್ಲ, ಮೂವತ್ತಾದರೂ ತೆಗೆದಿರಬೇಕು. ಒಳಗಿದ್ದ ಹುಂಜ ತನ್ನದೇ ಫೋಟೋ ಅಂತ ತಿಳಿದು ಎದೆ ಉಬ್ಬಿಸಿ ನಿಂತಿತು. ಆಕೆ ಅದರ ಕಡೆ ನೋಡಲೂ ಇಲ್ಲ. ಬಾಗಿಲನ್ನು ಸವರಿದಳು, ಉಗುರಿನಿಂದ ಕೆರೆದಳು, ಮೂಗು ಹಚ್ಚಿ ಮೂಸಿದಳು. ಕೋಳಿಗೂಡಿನ ಬಾಗಿಲು ಮೂಸುವವರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ನೋಡಿದ್ದೇನೆ.

ನಾನು ಕಟ್ಟೆಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದೆ. ಪಕ್ಕದಲ್ಲಿ ನನ್ನ ನೆಗೆಣ್ಣಿ ಲಗಮವ್ವ. ನಮ್ಮ ಗಂಡಂದಿರು ಅಣ್ಣತಮ್ಮಂದಿರು, ಇಬ್ಬರೂ ಈಗಿಲ್ಲ. ಮಕ್ಕಳು ಮೊಮ್ಮಕ್ಕಳು ಕುರಿ, ಹೊಲ, ಸಾಲಿ ಅಂತ ಹೊರಬಿದ್ದರೆ ಹಗಲೆಲ್ಲ ಜಗಳಕ್ಕೆ ನಾವಿಬ್ಬರೇ.

"ಆಯಿ, ಈ ಬಾಗಲಾ ಎಲ್ಲಿಂದ ತಂದ್ರಿ?" ಅಂತ ಆಕೆ ಕೇಳಿದಳು.

"ಬಾಗಲಕೋಟಿಯಿಂದ," ಅಂದೆ.

"ಅದು ಬಾಗಲಾ ಅಲ್ಲಬೇ, ಕಿಡಕಿ," ಅಂದಳು ಲಗಮವ್ವ. "ಅಡ್ಡ ಇದ್ದದ್ದು ಉದ್ದ ಮಾಡಿ ಹಚ್ಚೇವಿ. ಕೋಳಿಗೇನ ಗೊತ್ತಾಕ್ಕೈತಿ?"

ಹುಡುಗಿಯ ಹೆಸರು ನಸೀಮಾ. ಬಾಗಲಕೋಟೆಯವಳೇ. ಮನೆಯ ನಕ್ಷೆ ಬರೆಯುವ ಓದು ಓದಿ ಆರ್ಕಿಟೆಕ್ಟ್ ಆದವಳು. ಆದರೆ ಹೊಸ ಮನೆ ಕಟ್ಟಿಸುವುದು ಬಿಟ್ಟು ಹಳೆ ಮನೆ ಉಳಿಸುತ್ತೇನೆ ಅಂತ ಹೊರಟಿದ್ದಳು. ಎಲ್ಲೋ ಕೆಡವಿದ ಮನೆಯ ಕಂಬ, ಕದ, ಹಾಸುಗಲ್ಲು ಹುಡುಕಿ ತಂದು ಇನ್ನೊಂದು ಮನೆಗೆ ಹಚ್ಚುವುದು ಆಕೆಯ ಕಸುಬು. ಅದಕ್ಕೆ ಒಂದು ಇಂಗ್ಲಿಷ್ ಹೆಸರನ್ನೂ ಹೇಳಿದಳು. ನಮ್ಮಲ್ಲಿ ಅದಕ್ಕೆ ಹೆಸರಿಲ್ಲ. ಊರೆಲ್ಲ ಅದನ್ನೇ ಮಾಡುವಾಗ ಹೆಸರು ಯಾತಕ್ಕೆ?

ನಮ್ಮ ಮನೆಯನ್ನೇ ತೊಗೊಳ್ಳಿ. ಬಚ್ಚಲಲ್ಲಿ ಹಾಸಿದ ಕಲ್ಲು ಕಲಾದಗಿಯಲ್ಲಿ ಬಿದ್ದ ಯಾರದೋ ಮನೆಯ ಹೊಸ್ತಿಲು. ಹೊಸ್ತಿಲು ತುಳಿಯಬಾರದು ಅಂತ ಹಿರಿಯರು ಹೇಳುತ್ತಾರೆ. ನಾನು ನಲವತ್ತು ವರ್ಷ ಅದರ ಮೇಲೆ ಕುಳಿತು ಮೈ ತೊಳೆದಿದ್ದೇನೆ. ಪಾಪ ಬಂದಿದ್ದರೆ ಆ ನೀರಿನಲ್ಲೇ ಹರಿದು ಹೋಗಿರಬೇಕು. ಸವೆದ ಬೀಸುಕಲ್ಲು ಮೆಟ್ಟಿಲಾಗಿದೆ. ಮುರಿದ ಕೂರಿಗೆಯ ದಿಂಡು ಹಿತ್ತಲ ಬೇಲಿಗೆ ಗೂಟವಾಗಿದೆ. ನನ್ನ ಗಂಡ ಯಾವುದನ್ನೂ ಬಿಸಾಡುವವನಲ್ಲ. ಇನ್ನೊಂದಿಷ್ಟು ದಿನ ಬದುಕಿದ್ದರೆ ನನ್ನನ್ನೂ ಯಾವುದಾದರೂ ಗೋಡೆಗೆ ಆಸರೆ ಕೊಟ್ಟು ನಿಲ್ಲಿಸುತ್ತಿದ್ದ.

ಕಿಡಕಿ ತಂದವನೂ ಅವನೇ. ಅಣೆಕಟ್ಟಿನ ಹಿನ್ನೀರು ಹಳೆ ಬಾಗಲಕೋಟೆಗೆ ಏರುತ್ತದೆ ಅಂತ ಗೊತ್ತಾದಾಗ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಇವನು ಕಂಬಳಿ ಮಾರಲು ಹೋದವನು ಎರಡು ಕಂಬಳಿ ಕೊಟ್ಟು ಒಂದು ಕಿಡಕಿ ಹೊತ್ತುಕೊಂಡು ಬಂದ. ಸಾಗವಾನಿ, ಅಂಚಿಗೆಲ್ಲ ಬಳ್ಳಿ ಕೆತ್ತನೆ. ನಮ್ಮ ಮನೆಯ ಮಣ್ಣು ಗೋಡೆಯಲ್ಲಿ ಅಷ್ಟು ದೊಡ್ಡ ಕಿಡಕಿಗೆ ಜಾಗ ಎಲ್ಲಿ? ಮೂರು ದಿನ ಬೈದೆ. ನಾಲ್ಕನೆಯ ದಿನ ಕೋಳಿಗೂಡಿಗೆ ಹಚ್ಚಿದ.

ಇದನ್ನು ಹೇಳುವಷ್ಟರಲ್ಲಿ ನಸೀಮಾಳ ಕಣ್ಣು ಒದ್ದೆಯಾಗಿದ್ದವು. ಆಕೆಯ ತಾಯಿಯ ತವರುಮನೆಯೂ ಅದೇ ನೀರಿಗೆ ಹೋಗಿದೆಯಂತೆ.

"ಅಳೂದಿದ್ರ ಆ ಕಡೆ ಹೋಗಬೇ," ಅಂದೆ. "ಇಲ್ಲಿ ಅತ್ರ ನನ್ನ ಬೆಳ್ಳೊಳ್ಳಿ ಹೆಸರ ಕೆಡತೈತಿ."

ಮೂಗು ಒರೆಸಿಕೊಂಡು ನಕ್ಕಳು. ನಗುವ ಹುಡುಗಿ ಅಂತ ಆಗ ನನಗೆ ಸೇರಿದಳು. ಕಿಡಕಿ ಕೊಡುತ್ತೀರಾ ಅಂದಳು. ಕೋಳಿಯನ್ನು ಕೇಳು ಅಂದೆ. ಆಮೇಲೆ ತನ್ನ ಖರೆ ಚಿಂತೆ ಬಿಚ್ಚಿದಳು. ಇಳಕಲ್ಲಿನಲ್ಲಿ ಒಂದು ಹಳೆ ಮನೆ ಹಿಡಿದಿದ್ದಾಳೆ, ಅದು ಆಕೆಯ ಮೊದಲ ಕೆಲಸ. ಕಂಬಕ್ಕೆ ಕಂಬ ಸಿಕ್ಕಿದೆ, ಕದಕ್ಕೆ ಕದ ಸಿಕ್ಕಿದೆ. ಮೇಲಿನ ಮಣ್ಣಿನ ಮಾಳಿಗೆ, ಅಂದರೆ ಚಪ್ಪಟೆ ಚಾವಣಿ, ಹಾಕಬಲ್ಲವರು ಮಾತ್ರ ಸಿಕ್ಕಿಲ್ಲ. ಯಾವ ಗೌಂಡಿಯನ್ನು ಕೇಳಿದರೂ ಸ್ಲ್ಯಾಬ್ ಹಾಕೋಣ ಅನ್ನುತ್ತಾನೆ.

"ನಾ ಹಾಕ್ತೇನಿ," ಅಂದೆ.

ಬೆಳ್ಳುಳ್ಳಿಯ ಮೊರ ಲಗಮವ್ವನ ಕೈಯಿಂದ ಜಾರಿತು. "ನೀನ? ಹೊರಸಿನ ಮ್ಯಾಲೆ ಏರಬೇಕಾದ್ರ ಇಬ್ಬರು ಹಿಡೀಬೇಕು. ಮಾಳಿಗಿ ಏರ್ತಾಳಂತ!"

ಏರಿದೆ. ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಅವ್ವ ಮಾಳಿಗೆ ಕೆಲಸದವಳು. ಹುನಗುಂದ ಸೀಮೆಯಲ್ಲಿ ಆಗ ದೊಡ್ಡವರ ಮನೆಗಳೆಲ್ಲ ಮಣ್ಣಿನ ಮಾಳಿಗೆಯವೇ. ಮಳೆಗಾಲಕ್ಕೆ ಮುಂಚೆ ಹೆಂಗಸರು ಸಾಲಾಗಿ ಏರಿ ಹೊಸ ಮಣ್ಣು ಹಾಕಿ ಮರದ ಕೊಡತಿಯಿಂದ ಬಡಿಯುವರು. ನಾನು ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವಳು ಅಂತ ಎಲ್ಲರೂ ಅನ್ನುತ್ತಾರೆ. ಸುಳ್ಳು. ಮಾಳಿಗೆಯ ಸಾಲಿಗೆ ಹೋದೆ. ಅಲ್ಲಿಂದ ನೋಡಿದರೆ ಮಾಸ್ತರರ ಬೋಳುತಲೆ ತೆಂಗಿನಕಾಯಿಯಷ್ಟು ಕಾಣುತ್ತಿತ್ತು. ಅಲ್ಲಿಂದಲೇ ಅವರಿಗೆ ನಮಸ್ಕಾರ ಮಾಡುತ್ತಿದ್ದೆ.

ಇಳಕಲ್ಲಿಗೆ ನಾವಿಬ್ಬರೂ ನಸೀಮಾಳ ಕಾರಿನಲ್ಲಿ ಹೋದೆವು. ಕೋಳಿಗಳಿಗೆ ತಗಡಿನ ಬಾಗಿಲು ಹಚ್ಚಿ ಕಿಡಕಿಯನ್ನು ಕಾರಿನ ತಲೆಗೆ ಕಟ್ಟಿದ್ದೆವು. ಅದು ಆ ಮನೆಯ ಅಡಿಗೆಮನೆ ಸೇರಿತು. ನಸೀಮಾ ಎಣ್ಣೆ ಹಚ್ಚಿ ತಿಕ್ಕಿದ ಮೇಲೆ ನೋಡಿದರೆ ನನಗೇ ಗುರುತು ಸಿಗಲಿಲ್ಲ. ಬಳ್ಳಿಯ ನಡುನಡುವೆ ಗಿಳಿಗಳೂ ಇದ್ದವು. ಇಷ್ಟು ವರ್ಷ ಅವುಗಳ ಮೇಲೆ ನಮ್ಮ ಕೋಳಿ ಏನೇನು ಮಾಡಿದ್ದವೋ, ಆ ಮಾತು ಬೇಡ.

ಮನೆ ಭರ್ತಿ ಮನೆ. ಕಲ್ಲಿನ ಕಟ್ಟೆ, ಎಂಟು ಕಂಬದ ಪಡಸಾಲೆ, ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಎರಡು ಕಂಬ ಗೆದ್ದಲು ತಿಂದಿದ್ದವು. ಅವುಗಳ ಬದಲಿಗೆ ಮುಳುಗಿದ ಊರಿನ ಎರಡು ಕಂಬ ತಂದಿಟ್ಟಿದ್ದಳು. ಎರಡೂ ತುದಿ ಒಂದೇ ದಪ್ಪ. ಯಾವುದು ಬುಡ, ಯಾವುದು ತಲೆ ಅಂತ ಬಡಿಗನಿಗೂ ಅನುಮಾನ. ನಟ್ಟನಡುವೆ ಹಗ್ಗ ಕಟ್ಟಿ ಎತ್ತಿಸಿದೆ. ಭಾರ ಇದ್ದ ತುದಿ ಕೆಳಗೆ ತೂಗಿತು. ಅದು ಬುಡ. ಗಿಡ ಹೇಗೆ ನಿಂತಿತ್ತೋ ಕಂಬವನ್ನೂ ಹಾಗೇ ನಿಲ್ಲಿಸಬೇಕು. ನಸೀಮಾ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆಯೇ ನನ್ನ ತಲೆ ಕೆಡಿಸಿತು ಅಂತ ಈಗ ಅನ್ನಿಸುತ್ತದೆ. ವಯಸ್ಸಾದವರಿಗೆ ಚಪ್ಪಾಳೆ ಹೊಡೆಯಬಾರದು. ಇಲ್ಲದ ಧೈರ್ಯ ಬರುತ್ತದೆ.

ಮನೆಯ ಮಾಲಕ ಶಂಕ್ರಪ್ಪ, ಸೀರೆ ವ್ಯಾಪಾರಿ. ಮುತ್ತಜ್ಜ ಕಟ್ಟಿಸಿದ ಮನೆ ಅಂತ ಅವನ ತಾಯಿ ಹಟ ಹಿಡಿದದ್ದಕ್ಕೆ ನಸೀಮಾಳಿಗೆ ಒಪ್ಪಿಸಿದ್ದ. ಅವನ ಮನಸ್ಸೆಲ್ಲ ಸ್ಲ್ಯಾಬಿನ ಮೇಲೆ. ಆದರೆ ಮಣ್ಣಿನ ಗೋಡೆಯ ಮೇಲೆ ಸ್ಲ್ಯಾಬು ಕೂರುವುದಿಲ್ಲ. ಸ್ಲ್ಯಾಬು ಬೇಕೆಂದರೆ ಮನೆಯನ್ನು ಬುಡದಿಂದ ಕೆಡವಬೇಕು.

"ಹಳೇ ಮನಿ ತಾನ ಮಾತಾಡತೈತ್ರಿ ಮಾಲಕ್ರ, ನಾವು ಕೇಳಬೇಕಷ್ಟ," ಅಂತ ನಸೀಮಾ ಅವನಿಗೆ ತಿಳಿಹೇಳುತ್ತಿದ್ದಳು.

"ನನಗೂ ಮಾತಾಡತೈತಿ. ಮಳಿ ಬಂದಾಗ ಟಪ್ ಟಪ್ ಅಂತೈತಿ," ಅಂದ ಶಂಕ್ರಪ್ಪ. "ನೋಡವ್ವಾ, ನಾ ಬಾಜಾರದಾಗಿನ ಮನಶ್ಯಾ. ಒಂದ ಮಾತು. ಬ್ಯಾಸಗಿ ಮೊದಲನೇ ಅಡ್ಡಮಳಿಗೆ ಪಡಸಾಲ್ಯಾಗ ಒಂದ ಹನಿ ಬಿತ್ತಂದ್ರ ಮರುದಿನ ಜೆಸಿಬಿ. ಬೀಳಲಿಲ್ಲಂದ್ರ ನಿನ್ನ ಮಾಳಿಗಿ ಇರ್ಲಿ."

ನಸೀಮಾ ಹೂಂ ಅಂದಳು. ಧ್ವನಿ ಸಣ್ಣದಾಗಿತ್ತು. ಆಮೇಲೆ ನನ್ನ ಹತ್ತಿರ ಬಂದು ಅಂದಳು: "ಆಯಿ, ಈ ಮನಿ ಹೋತಂದ್ರ ಇನ್ನೊಬ್ಬರು ತಮ್ಮ ಮನಿ ನನ್ನ ಕೈಯಾಗ ಕೊಡೂದಿಲ್ಲ."

"ಒಂದ ಹನಿ ಬಿದ್ರ ನನ್ನ ಹೆಸರ ಮಾಳವ್ವ ಅಲ್ಲ," ಅಂತ ನಾನು ಶಂಕ್ರಪ್ಪನಿಗೆ ಕೇಳುವಂತೆ ಕೂಗಿದೆ. ಚಪ್ಪಾಳೆಯ ಪ್ರಭಾವ.

ಮಾಳಿಗೆಗೆ ಎಲ್ಲ ಮಣ್ಣೂ ಆಗುವುದಿಲ್ಲ. ಸವಳು ಮಣ್ಣೇ ಬೇಕು, ಅಂದರೆ ಉಪ್ಪು ಕೂತ ಮಣ್ಣು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ಇರುವೆ ಗೂಡು ಕಟ್ಟುವುದಿಲ್ಲ, ನೀರು ತಾಕಿದರೆ ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೂಡಲಸಂಗಮದ ಕಡೆ ನೀರುಂಡು ಕೆಟ್ಟ ಹೊಲಗಳಿವೆ ಅಂತ ಟ್ರ್ಯಾಕ್ಟರ್ ತೊಗೊಂಡು ಹೋದೆವು. ನೆಲ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಹೊಲದ ಮಾಲಕ ಖುಷಿಯಿಂದ ಸಲಿಕೆ ತಂದುಕೊಟ್ಟ. "ಒಯ್ರಿ, ಎಷ್ಟ ಬೇಕಾದಷ್ಟ ಒಯ್ರಿ. ಬೇಕಾದ್ರ ನಾಳೆನೂ ಬರ್ರಿ. ನಮ್ಮ ಬೀಗರಿಗೂ ಹೇಳ್ರಿ."

ನಾನು ಒಂದು ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟೆ. ಉಪ್ಪು ಮುಂದೆ ಬಂದು ಕಹಿ ಹಿಂದೆ ಬಂದರೆ ಒಳ್ಳೆಯ ಮಣ್ಣು. ಕಹಿಯೇ ಮುಂದೆ ಬಂದರೆ ಬಿಡಬೇಕು. ಸಣ್ಣವಳಿದ್ದಾಗ ರುಚಿ ನೋಡು ಅಂದರೆ ನಾನು ಹಿಡಿ ಹಿಡಿ ತಿನ್ನುತ್ತಿದ್ದೆ. ಅವ್ವ ಬೆನ್ನಿಗೆ ಗುದ್ದಿ ಉಗುಳಿಸುತ್ತಿದ್ದಳು. ನಸೀಮಾಳೂ ಕಣ್ಣು ಮುಚ್ಚಿ ಒಂದು ಚಿಟಿಕೆ ಇಟ್ಟುಕೊಂಡಳು.

"ಏನ ಗೊತ್ತಾತು?"

"ಕಾಲೇಜಿನ್ಯಾಗ ಇದನ್ನ ಹೇಳಿಕೊಡಲಿಲ್ಲ ಅಂತ ಗೊತ್ತಾತ್ರಿ," ಅಂತ ಥೂ ಥೂ ಅಂದಳು.

ಮಾಳಿಗೆ ಕಟ್ಟಿದ ಆರು ದಿನ ನನಗೆ ಮೊಣಕಾಲು ನೋವು ನೆನಪಿಗೇ ಬರಲಿಲ್ಲ. ಗುಳೇದಗುಡ್ಡದ ಖಣದ ಕುಬಸದ ತೋಳು ಮೇಲೇರಿಸಿ ಕಚ್ಚೆ ಹಾಕಿ ನಿಂತೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಪಟ್ಟಿ, ಅದರ ಮೇಲೆ ಮೊಣಕಾಲುದ್ದ ಬೇವಿನ ತಪ್ಪಲು. ಮೇಲೆ ಹೊಟ್ಟು ಕಲಸಿದ ಕೆಸರು, ಅದು ಆರಿದ ಮೇಲೆ ಸವಳು. ಓಣಿಯ ಐದಾರು ಹೆಂಗಸರು ಬಂದರು. ನಾನು ಬಡಿ ಅಂದಲ್ಲಿ ಬಡಿದರು, ನಿಲ್ಲು ಅಂದಲ್ಲಿ ನಿಂತರು. ಜೀವಮಾನದಲ್ಲಿ ನನ್ನ ಮಾತು ಇಷ್ಟು ಜನ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಕೇಳದೆ ಇದ್ದವಳು ಲಗಮವ್ವ ಒಬ್ಬಳೇ. ಕೆಳಗೆ ಏಣಿ ಹಿಡಿದು ನಿಂತು, "ಬೀಳೂದಿದ್ರ ಆ ಕಡೆ ಬೀಳ. ಈ ಕಡೆ ನಾ ಅದೇನಿ," ಅನ್ನುತ್ತಿದ್ದಳು.

ಏಳನೆಯ ದಿನ ಮುಂಜಾನೆ ಮಾಳಿಗೆ ನೋಡೋಣ ಅಂತ ಹೋದರೆ ಗೌಂಡಿ ಯಮನಪ್ಪ ನಮಗಿಂತ ಮೊದಲೇ ಬಂದಿದ್ದ. ಗೋಡೆಗಳಿಗೆ ಮಣ್ಣು ಮೆತ್ತುವ ಗಿಲಾಯಿ ಕೆಲಸ ಅವನದು. ಒಳ್ಳೆಯ ಮನುಷ್ಯ, ಕೆಲಸಗಾರ. ಊರಿನ ಎಷ್ಟೋ ಸ್ಲ್ಯಾಬು ಅವನ ಕೈಯವೇ. ಕೈಯಲ್ಲಿ ಪೈಪು ಹಿಡಿದು ಮಾಳಿಗೆಯ ಅಂಚಿನಲ್ಲಿ ನಿಂತು ನಮ್ಮನ್ನು ನೋಡಿ ನಕ್ಕ.

ನಾನು ಏಣಿ ಏರಿ ತಲೆ ಎತ್ತಿದೆ. ಮಾಳಿಗೆಯ ತುಂಬ ಆಕಾಶ ಕಂಡಿತು.

ಅವನು ಬೆಳಕು ಹರಿಯುವ ಮೊದಲೇ ಬಂದು ಮಾಳಿಗೆಯ ಸುತ್ತ ಗೇಣುದ್ದದ ಒಡ್ಡು ಕಟ್ಟಿ, ಒಳಗೆ ಭತ್ತದ ಮಡಿಯ ಹಾಗೆ ಮಾಡಿ, ಪೂರ್ತಿ ನೀರು ತುಂಬಿಸಿದ್ದ. ಸ್ಲ್ಯಾಬು ಹಾಕಿದ ಮರುದಿನ ಅದೇ ಅಲ್ಲವೇ ಮಾಡುವುದು?

"ಯಮನಪ್ಪಾ, ಏನ ಮಾಡಿದ್ಯೋ!"

"ನೀರ ಕಟ್ಟೇನ್ರಿ ಆಯಿ. ಯಾರಿಗೂ ನೆನಪಿರಲಿಲ್ಲ. ಹತ್ತ ದಿನ ನೀರ ಕುಡದ್ರ ಕಲ್ಲ ಆಗತೈತಿ."

"ಅದು ಸಿಮೆಂಟ ಅಲ್ಲೋ ಮಾರಾಯಾ, ಮಣ್ಣು! ಮಣ್ಣು ನೀರ ಕುಡದ್ರ ಕಲ್ಲ ಆಗೂದಿಲ್ಲ, ಅಂಬಲಿ ಆಗತೈತಿ!"

ಅವನ ಮುಖ ನೋಡುವಂತಿರಲಿಲ್ಲ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಅಲ್ಲೇ ನಿಂತಿತು. ಮಾಳಿಗೆ ನೀರನ್ನು ಹರಿಸಬೇಕು, ಹಿಡಿಯಬಾರದು ಅಂತ ಅವನಿಗೆ ನಾನು ಹೇಳಿದ್ದೆನೇ? ಇಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಗೊತ್ತಿರುವುದು ಈಗ ನನಗೂ ಅವ್ವನಿಗೂ ಮಾತ್ರ, ಅವ್ವ ಸತ್ತು ಐವತ್ತು ವರ್ಷವಾಯಿತು.

ಒಡ್ಡು ಒಡೆದೆವು. ಹರಿಯುವಷ್ಟು ನೀರು ಹರಿಯಿತು. ಉಳಿದದ್ದನ್ನು ಹೀರಲು ಬಟ್ಟೆ ಸಾಲಲಿಲ್ಲ. ಲಗಮವ್ವ ಓಣಿಯಲ್ಲಿ ನಿಂತು, "ಕೌದಿ ತರ್ರಿ! ಇದ್ದಬಿದ್ದ ಕೌದಿ ತರ್ರಿ!" ಅಂತ ಬಾಯಿ ಮಾಡಿದಳು. ಹಳೆ ಬಟ್ಟೆ ಹೊಲಿದು ಮಾಡಿದ ಹದಿನೈದು ಕೌದಿ ಬಂದವು. ಹಾಸಿ, ಹೀರಿಸಿ, ಹಿಂಡಿ, ಮತ್ತೆ ಹಾಸಿದೆವು. ಇಳಕಲ್ಲಿನ ಆ ಓಣಿಯಲ್ಲಿ ಅವತ್ತು ಎಲ್ಲರ ಕೌದಿಯೂ ಒಂದೇ ಬಣ್ಣವಾಯಿತು.

ಅಷ್ಟರಲ್ಲಿ ಶಂಕ್ರಪ್ಪ ಬಂದ. ಪಡಸಾಲೆಯಲ್ಲಿ ಮೂರು ಕಡೆ ಹನಿ ಬೀಳುತ್ತಿತ್ತು. ತಲೆ ಎತ್ತಿ ನೋಡಿದ, ಕೆಳಗೆ ನೋಡಿದ.

"ಮಳಿ ಇನ್ನೂ ಬಂದಿಲ್ಲ, ಮನಿ ಸೋರಾಕತ್ತೇತಿ," ಅಂದ.

ನಸೀಮಾ ಕೆಸರುಗೈಯಲ್ಲೇ ಮುಂದೆ ಬಂದಳು. "ಇದು ಮಳಿ ಅಲ್ಲರಿ ಮಾಲಕ್ರ. ನಿಮ್ಮ ಮಾತು ಮಳಿಗೆ. ಬಾಜಾರದ ಮಾತು ಅಂದ್ರಿ."

ಈ ಸಲ ಧ್ವನಿ ಸಣ್ಣದಿರಲಿಲ್ಲ. ಶಂಕ್ರಪ್ಪ ಆಕೆಯನ್ನೇ ನೋಡಿದ. "ಸರಿ. ಮಳಿ ಬರ್ಲಿ," ಅಂದ. ಹೊರಗೆ ಹೋಗಿ ಜೆಸಿಬಿಯವನಿಗೆ ಫೋನು ಮಾಡಿ, ಕರೆದ ದಿನ ಬಂದುಬಿಡು ಅಂತ ಹೇಳಿದ್ದು ನಮಗೆಲ್ಲ ಕೇಳಿಸಿತು.

ಅರ್ಧ ಮಾಳಿಗೆ ಕಿತ್ತು ಮತ್ತೆ ಹಾಕಿದೆವು. ಯಮನಪ್ಪನೇ ಬುಟ್ಟಿ ಹೊತ್ತ. ಐದು ದಿನ ಬಿಸಿಲು ಸಿಕ್ಕಿತು. ಆರನೆಯ ದಿನ ಮಧ್ಯಾಹ್ನ ಬಾದಾಮಿ ದಿಕ್ಕಿನಿಂದ ಮೋಡ ಎದ್ದು ಬಂತು. ಊರಿಗೆಲ್ಲ ಒಮ್ಮೆಲೇ ಕತ್ತಲೆ. ಮೊದಲು ದೂಳು, ಆಮೇಲೆ ದಪ್ಪ ದಪ್ಪ ಹನಿ, ಆಮೇಲೆ ಕೊಡ ಬೋರಲು ಹಾಕಿದಂಥ ಮಳೆ.

ನಾವೆಲ್ಲ ಪಡಸಾಲೆಯಲ್ಲಿ ಕತ್ತು ಮೇಲೆತ್ತಿ ನಿಂತೆವು. ಶಂಕ್ರಪ್ಪನೂ ಅಂಗಡಿ ಬಿಟ್ಟು ಓಡಿಬಂದಿದ್ದ. ಒಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೊಸ ಮಾಳಿಗೆ ಮೊದಲ ಮಳೆಗೆ ಒಂದೆರಡು ಹನಿ ಬಿಟ್ಟೇ ಬಿಡುತ್ತದೆ. ಮಣ್ಣು ಕೂರಬೇಕಲ್ಲ. ಅದು ಗೊತ್ತಿದ್ದೂ ನಾನು ಜಂಬ ಕೊಚ್ಚಿದ್ದೆ.

ಬಹಳ ಹೊತ್ತು ಏನೂ ಬೀಳಲಿಲ್ಲ. ಆಮೇಲೆ ಮೂರನೆಯ ಕಂಬದ ಹತ್ತಿರ ಕೆಂಪು ಕಲ್ಲಿನ ಮೇಲೆ ಕುಂಕುಮದ ಬೊಟ್ಟಿನಷ್ಟು ಒಂದು ಕಪ್ಪು ಚುಕ್ಕೆ ಮೂಡಿತು. ಎಲ್ಲರಿಗೂ ಕಂಡಿತು. ನಸೀಮಾ ಕಣ್ಣು ಮುಚ್ಚಿದಳು.

ನಾನು ಮೂಲೆಯಲ್ಲಿದ್ದ ಬಿದಿರಿನ ಗಳ ತಂದು ಶಂಕ್ರಪ್ಪನ ಕೈಗೆ ಕೊಟ್ಟೆ. "ಜೆಸಿಬಿ ಆಮ್ಯಾಲೆ ಕರಿ. ಈಗ ಇದನ್ನ ಹಿಡಿ. ಹನಿ ಎಲ್ಲಿಂದ ಬೀಳತೈತಿ ಅಲ್ಲಿ ಕೆಳಗಿಂದ ಬಡಿ. ನಾ ಮ್ಯಾಲ ಹೋಗ್ತೇನಿ."

"ಈ ಮಳ್ಯಾಗ? ಆಯಿ, ಹುಚ್ಚ ಹಿಡದೈತೇನು?"

"ಮ್ಯಾಲಿದ್ದವರಿಗೆ ತೂತ ಕಾಣೂದಿಲ್ಲ, ಕೆಳಗಿದ್ದವರಿಗೆ ಕೈ ನಿಲಕೂದಿಲ್ಲ. ಮಾಳಿಗಿ ಮನಿಗೆ ಇಬ್ಬರು ಬೇಕು. ಬಡಿಯೋ!"

ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದು, ಒಣ ಸವಳಿನ ಬುಟ್ಟಿ ಬಗಲಲ್ಲಿಟ್ಟು ಏರಿದೆ. ಲಗಮವ್ವ ಏಣಿ ಹಿಡಿದು ಬೈದದ್ದು ಗುಡುಗಿನಲ್ಲಿ ಕೇಳಿಸಲಿಲ್ಲ. ಮೇಲೆ ಕಣ್ಣು ಬಿಡಲಾಗದ ಮಳೆ. ನೀರು ಇಳಿಜಾರಿನಲ್ಲಿ ಓಡಿ ಕಲ್ಲಿನ ಕೊಳವೆಯಿಂದ ಓಣಿಗೆ ಧುಮುಕುತ್ತಿತ್ತು. ಕಾಲ ಕೆಳಗೆ ಟಕ್ ಟಕ್ ಅಂತು. ಅಂಗಾಲಿಗೇ ತಾಕಿದಂತಾಯಿತು. ಅಲ್ಲಿಗೆ ಎರಡು ಹಿಡಿ ಸವಳು ಸುರಿದು ತುಳಿದೆ. ಇನ್ನೊಂದು ಕಡೆ ಟಕ್ ಟಕ್. ಅಲ್ಲಿಗೆ ಓಡಿದೆ. ಓಡಿದೆ ಅಂದರೆ ನಂಬಿ. ಕೆಳಗಿಂದ ಶಂಕ್ರಪ್ಪ, "ಇಲ್ಲೆ ಆಯಿ! ಇಲ್ಲೆ! ಇನ್ನೀಟು ಬಲಕ್ಕ!" ಅಂತ ಕೂಗುತ್ತಿದ್ದ. ಕಬಡ್ಡಿ ನೋಡುವವರು ಕೂಗುವ ಹಾಗೆ.

ಬುಟ್ಟಿ ಖಾಲಿಯಾಯಿತು. "ಮಣ್ಣು!" ಅಂತ ಅರಚಿದೆ. ಏಣಿಯ ಮೇಲೆ ಒಂದು ತಲೆ ಬಂತು. ಯಮನಪ್ಪ ಇರಬೇಕು ಅಂದುಕೊಂಡೆ. ಶಂಕ್ರಪ್ಪ. ಬಿಳಿ ಅಂಗಿ, ಹೆಗಲ ಮೇಲೆ ಬುಟ್ಟಿ.

"ಗಳ ಯಾರಿಗೆ ಕೊಟ್ಟಿ?"

"ನಸೀಮಾಗ! ಎಲ್ಲಿ ಹಾಕ್ಲಿ?"

"ಮೊದಲ ಚಪ್ಪಲ ತಗಿ!"

ಚಪ್ಪಲಿ ಓಣಿಗೆ ಎಸೆದ. ಟಕ್ ಟಕ್ ಅಂದಲ್ಲಿ ಸುರಿದ, ತುಳಿದ. ಹಿಮ್ಮಡಿ ಒತ್ತಬೇಡ, ಅಂಗಾಲು ಚಪ್ಪಟೆ ಇಡು ಅಂತ ಹೇಳಿಕೊಟ್ಟೆ. ಸುತ್ತ ನೋಡಿ ಒಮ್ಮೆಲೇ ನಕ್ಕ. "ಆಯಿ, ಅಲ್ಲಿ ನೋಡ್ರಿ. ಬಾಜೂ ಮನಿಯವರ ಸ್ಲ್ಯಾಬಿನ್ಯಾಗ ಮೊಣಕಾಲ ನೀರ ನಿಂತೇತಿ. ನಮ್ಮದ್ರಾಗ ಒಂದ ಹನಿ ನಿಂತಿಲ್ಲ!"

ನಮ್ಮದು ಅಂದ.

ಇಬ್ಬರೂ ಕಾಲ ಕೆಳಗಿನ ಸದ್ದಿಗೆ ಕಾದು ನಿಂತೆವು. ಮಳೆ ಇನ್ನೂ ಜೋರಾಯಿತು. ಸದ್ದು ಬರಲಿಲ್ಲ. ಶಂಕ್ರಪ್ಪನಿಗೆ ತಡೆಯಲಾಗಲಿಲ್ಲ. ಅಂಚಿಗೆ ಹೋಗಿ ಬಗ್ಗಿ ಕೂಗಿದ:

"ನಸೀಮಾ, ಬಡಿಯವ್ವಾ! ಯಾಕ ಸುಮ್ಮ ನಿಂತಿ?"

ಕೆಳಗಿಂದ ಆಕೆಯ ಧ್ವನಿ ಬಂತು. "ಎಲ್ಲಿ ಬಡೀಲ್ರಿ? ಬೀಳವಲ್ದು! ಒಂದ ಹನಿನೂ ಬೀಳವಲ್ದು!"

ಶಂಕ್ರಪ್ಪ ಕೈ ಎತ್ತಿ ನೋಡಿಕೊಂಡ. ಮೊಣಕೈವರೆಗೆ ಸವಳು ಮೆತ್ತಿತ್ತು.

"ಹಂಗಾರ ಜೆಸಿಬಿಯಾಂವಗ ಬರಬ್ಯಾಡಂತ ನೀನ ಫೋನ್ ಮಾಡವ್ವಾ," ಅಂತ ಕೂಗಿದ. "ನನ್ನ ಕೈ ಕೆಸರಾಗೇತಿ."